ಹಡಗು ಸುಮ್ಮನಾದ ಸಂಜೆ

ಬಂದರು ರಸ್ತೆ, ಲಾಂಡ್ರಿಯ ಮಹಡಿ
ಮಂಗಳವಾರ, ಹನ್ನೊಂದನೇ ತಾರೀಕು

ಪ್ರೀತಿಯ ಸೊಸೆಗೆ, ಮಗಳೇ ಎಂದರೂ ಸೈ,

ಹೇಗಿದ್ದೀಯಮ್ಮಾ? ಪುಟ್ಟಿಯ ಉಸಿರಾಟ ಹೇಗಿದೆ? ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು ಬರುತ್ತದೆಯೇ, ಇಲ್ಲ ಅಲ್ಲಿನ ಗಾಳಿ ಒಗ್ಗಿತೇ? ನಿನ್ನ ಊಟ ನಿದ್ದೆಯ ಬಗ್ಗೆಯೂ ಒಂದು ಸಾಲು ಬರೆ; ಮಗುವಿನ ಸುದ್ದಿ ಹೇಳುತ್ತಾ ನಿನ್ನದನ್ನು ನುಂಗಿಬಿಡುತ್ತೀಯ. ನನ್ನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಿನ್ನ ಗಂಡ ಮಾತ್ರ ಬಡಕಲಾಗಿದ್ದಾನೆ. ಅಡುಗೆ ನನ್ನದೇ ಆದ್ದರಿಂದ ಯಾರನ್ನೂ ದೂರುವ ಹಾಗಿಲ್ಲ.

ಹಡಗುಗಳು ದಡಕ್ಕೆ ಬಂದು ನಿಂತ ಮೇಲೂ ದೀಪಕ್ಕೆ, ಫ್ರಿಜ್ಜಿಗೆ ಎಂದು ಎಂಜಿನ್ ಓಡಿಸುತ್ತಲೇ ಇರುತ್ತಿದ್ದವಲ್ಲ, ಆ ಹೊಗೆಗೆ ತಾನೆ ನೀನು ಮಗುವನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದದ್ದು. ಈಗ ದಡದಿಂದಲೇ ಹಡಗಿಗೆ ಕರೆಂಟ್ ಕೊಡುತ್ತಾರೆ. ಗೋದಾಮುಗಳ ಮೇಲೆಲ್ಲ ಸೋಲಾರ್ ಪ್ಯಾನೆಲ್, ಹಳೇ ಐಸ್ ಫ್ಯಾಕ್ಟರಿಯ ತುಂಬ ಬ್ಯಾಟರಿ. ಮೀನಿನ ಕೋಲ್ಡ್ ಸ್ಟೋರೇಜ್ ಹೊರಗೆ ಉಗುಳುತ್ತಿದ್ದ ಬಿಸಿಯನ್ನೂ ಬಿಟ್ಟಿಲ್ಲ; ಅದರಲ್ಲಿ ಕಾದ ನೀರು ಪೈಪಿನಲ್ಲಿ ನಮ್ಮ ಲಾಂಡ್ರಿಗೆ ಬರುತ್ತದೆ. "ಮೀನು ವಾಸನೆ ನೀರಲ್ಲಿ ಆಸ್ಪತ್ರೆ ಬೆಡ್‌ಶೀಟ್ ಒಗೀಬೇಕಾ?" ಎಂದು ರೇಗಿದ್ದೆ. ನಿನ್ನ ಗಂಡ, "ಅಮ್ಮಾ, ಬರೋದು ಬಿಸಿ ಮಾತ್ರ, ಮೀನಲ್ಲ" ಎಂದ. ಬಗ್ಗಿ ಮೂಸಿ ನೋಡಿಯೇ ಒಪ್ಪಿದೆ. ಆದರೆ ಬಂದರೂ ಊರೂ ಕರೆಂಟ್ ಹಂಚಿಕೊಳ್ಳಬೇಕಲ್ಲ, ಅದಕ್ಕೇ ಜಗಳ. ಬಿಸಿಲಿದ್ದಾಗ ನಾವು ಯಂತ್ರ ಓಡಿಸಿಕೊಂಡು ಸಂಜೆ ಕೈ ಬಿಗಿಹಿಡಿಯಬೇಕಂತೆ. "ಹಡಗಿಗೆ ಬೆಳಕು, ನಮಗೆ ಕತ್ತಲೆ" ಎಂದು ಬೀದಿಯೆಲ್ಲ ಗೊಣಗಾಟ.

ಕಳೆದ ಶುಕ್ರವಾರ ದಡದ ಕರೆಂಟ್ ಹಿಡಿಯುವ ಮೊದಲ ಹಡಗು ಬಂತು. ಅವತ್ತೇ ಮೋಡ ಕವಿಯಬೇಕೆ! ಬ್ಯಾಟರಿ ಅರ್ಧವೂ ತುಂಬಿರಲಿಲ್ಲ. ಕ್ಯಾಪ್ಟನ್ ಎಂಜಿನ್ ನಿಲ್ಲಿಸಲು ಒಪ್ಪಲಿಲ್ಲ. "ಒಳಗೆ ತಣ್ಣಗಿಡಬೇಕಾದ ಔಷಧಿ ಇದೆ. ನಿಮ್ಮ ಕರೆಂಟ್ ಕೈಕೊಟ್ರೆ ಯಾರು ಹೊಣೆ?" ಎಂದರಂತೆ. ಅವರದೂ ತಪ್ಪಲ್ಲ. ಕೇಬಲ್ ಜೋಡಿಸುವ ಕೆಲಸ ನಿನ್ನ ಗಂಡನದು. ಅದನ್ನು ಅಲ್ಲೇ ಬಿಟ್ಟು ಓಡಿ ಬಂದು ಬಾಗಿಲಲ್ಲಿ ನಿಂತ. "ಅಮ್ಮಾ, ಬಟ್ಟೆ ಒಣಗಿಸೋ ಯಂತ್ರಗಳನ್ನ ನಿಲ್ಲಿಸ್ತೀಯಾ?" ನನ್ನ ಮುಂದೆ ಒದ್ದೆ ಬೆಡ್‌ಶೀಟ್‌ಗಳ ಗುಡ್ಡ, ಬೆಳಿಗ್ಗೆ ಆಸ್ಪತ್ರೆಗೆ ಕೊಡಲೇಬೇಕು. ಪುಟ್ಟಿ ಕಿಟಕಿಯ ಸರಳು ಹಿಡಿದು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದುದು ಕಣ್ಣಿಗೆ ಬಂತು. ಸ್ವಿಚ್ ಆರಿಸಿದೆ. ಬೇಕರಿಯವನಿಗೂ ಹಿಟ್ಟಿನ ಗಿರಣಿಯವಳಿಗೂ ಕೂಗಿ ಹೇಳಿದೆ. "ನಿಮ್ಮಪ್ಪನ ಹಡಗಾ ಅದು?" ಎಂದು ಬೈದುಕೊಂಡೇ ಗಿರಣಿಯವಳೂ ನಿಲ್ಲಿಸಿದಳು.

ನಿನ್ನ ಗಂಡ ವಾಪಸ್ ಓಡಿ ಕೇಬಲ್ ಜೋಡಿಸಿದ ಮೇಲೆ ಕ್ಯಾಪ್ಟನ್ ಮೊದಲು ಒಂದು ಎಂಜಿನ್ ನಿಲ್ಲಿಸಿದರು. ಬೀದಿದೀಪ ಒಮ್ಮೆ ಮಿಟುಕಿ ನಿಂತಿತು. ನಾವೆಲ್ಲ ಬೀದಿಯಲ್ಲೇ ನಿಂತು ಕಾದೆವು. ತುಂಬ ಹೊತ್ತಿನ ಮೇಲೆ ಇನ್ನೊಂದೂ ನಿಂತಿತು. ಎಂಥ ಮೌನ ಅಂತೀ! ನೀರು ಕಟ್ಟೆಗೆ ಬಡಿಯುವ ಸದ್ದು ನಮ್ಮ ಬಾಗಿಲಿಗೆ ಕೇಳಿತು. ಬೇಕರಿಯವನು ಪಕ್ಕದಲ್ಲೇ ನಿಂತು ರೂಢಿಯಂತೆ ಅರಚಿ ಮಾತಾಡಿ, ಆಮೇಲೆ ತಾನೇ ನಾಚಿಕೊಂಡ. ಬೆಡ್‌ಶೀಟ್‌ಗಳನ್ನು ಬೀದಿಯವರೆಲ್ಲ ಸೇರಿ ಹಗ್ಗ ಕಟ್ಟಿ ಹರವಿದರು. ಆಸ್ಪತ್ರೆಗೆ ಮರುದಿನ ಮಧ್ಯಾಹ್ನ ತಲುಪಿದವು. ನರ್ಸಮ್ಮನಿಂದ ಚೆನ್ನಾಗಿ ಮಂಗಳಾರತಿಯೂ ಆಯಿತು.

ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು ಕೊಡು. ಅಕ್ಕನಿಗೆ ನನ್ನ ನೆನಪು ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣಗಿರು.

ನಿನ್ನ ಅತ್ತೆ

ತಾ.ಕ.: "ಊರು ಸರಿಯಾಯ್ತು, ವಾಪಸ್ ಬಾ ಅಂತ ಬರಿ" ಎಂದು ನಿನ್ನ ಗಂಡ ನನ್ನನ್ನು ಕೂರಿಸಿದ್ದು. ನಾನು ಹಾಗೆ ಬರೆಯುವುದಿಲ್ಲ. ದಡದ ಕರೆಂಟ್ ಹಿಡಿಯದ ಹಳೇ ಹಡಗುಗಳು ಇನ್ನೂ ಬರುತ್ತಿವೆ. ನಿನ್ನೆಯೂ ಅಂಥದ್ದೊಂದು ಬಂದು ದಿನವಿಡೀ ಹೊಗೆ ಕಾರಿತು. ಡಾಕ್ಟರು ಹೂಂ ಅನ್ನುವ ತನಕ ನೀನು ಅಲ್ಲಿಂದ ಕದಲಬೇಡ. ಅವನ ರಜೆಗೆ ನಾನೇ ಹೋಗಿ ಮೇಲಿನವರ ಹತ್ತಿರ ಜಗಳ ಆಡಿ ಬಂದಿದ್ದೇನೆ. ಶನಿವಾರ ಬೆಳಗಿನ ಬಸ್ಸು ಹತ್ತಿಸುತ್ತೇನೆ. ಅವನಿಗೆ ಇನ್ನೂ ಹೇಳಿಲ್ಲ.