ಅಳತೆ ಪುಸ್ತಕದಲ್ಲಿ ಬರೆದ ಕೆಮ್ಮು

ಮಾರ್ಚ್ ೧೧, ಮಂಗಳವಾರ
ಹೋಟೆಲಿನ ಬಟ್ಟೆ ಮಡಿಸುವ ಕೋಣೆ, ಮಧ್ಯಾಹ್ನದ ಬಿಡುವು

ಪ್ರೀತಿಯ ಅತ್ತೆಗೆ,

ನಿಮ್ಮ ಹಿರಿ ಸೊಸೆಯ ನಮಸ್ಕಾರ. ಕಾಗದ ನೋಡಿ ಗಾಬರಿಯಾಗಬೇಡಿ, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲೇ ಹೇಳಿಬಿಡೋಣವೆಂದು ನಾಲ್ಕು ಸಲ ಕೂತೆ. ಪ್ರತಿ ಸಲವೂ ‘ಊಟ ಆಯ್ತಾ’, ‘ಮಂಡಿ ನೋವು ಹೇಗಿದೆ’ ಎಂದಷ್ಟೇ ಕೇಳಿ ಫೋನನ್ನು ನಿಮ್ಮ ಮಗನ ಕೈಗೆ ಕೊಟ್ಟುಬಿಟ್ಟೆ. ಕಾಗದಕ್ಕೆ ನನ್ನ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಂತೋಷದ ಸುದ್ದಿ. ನಿಮ್ಮ ಮೊಮ್ಮಗಳು ಗುಂಡಿ ಮೂರು ತಿಂಗಳಿಂದ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಮೂರನೇ ಮಹಡಿಯ ತರಗತಿಗೆ ನಡುವೆ ಎಲ್ಲೂ ನಿಲ್ಲದೆ ಹತ್ತುತ್ತಾಳಂತೆ. ನಿನ್ನೆ ಡಾಕ್ಟರು ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ನನ್ನ ಹಿಂದೆ ಬಾಗಿಲ ಕಡೆ ನೋಡಿ, “ಅಜ್ಜಿ ಬರಲಿಲ್ವಾ?” ಎಂದರು. ದಿನದ ಔಷಧಿಯನ್ನು ನಾವಾಗಿಯೇ ನಿಲ್ಲಿಸಬಾರದು, ಅವರೇ ನೋಡಿಕೊಂಡು ಕಡಿಮೆ ಮಾಡುತ್ತಾರಂತೆ. ಮಗುವಿಗೆ ನೀವು ಗುಂಡಿ ಎಂದು ಹೆಸರಿಟ್ಟಾಗ, ‘ಅಂಗಿ ಗುಂಡಿ ಅಂತ ನಿಮಗೆ, ರಸ್ತೆ ಗುಂಡಿ ಅಂತ ಊರಿಗೆ’ ಎಂದು ಗೊಣಗಿದ್ದೆ. ಈಗ ನಾನೂ ಹಾಗೇ ಕರೆಯುತ್ತೇನೆ. ಬೇರೆ ಹೆಸರಿಗೆ ಅವಳು ತಿರುಗಿಯೂ ನೋಡುವುದಿಲ್ಲ.

ಈಗ ಕಷ್ಟದ ಮಾತು. ಎರಡು ವರ್ಷದ ಹಿಂದೆ ಗುಂಡಿಗೆ ಉಬ್ಬಸ ಶುರುವಾದಾಗ ಡಾಕ್ಟರು ನನ್ನನ್ನು ಮೂರು ವಿಷಯ ಕೇಳಿದ್ದರು: ಮನೆಯಲ್ಲಿ ಧೂಳು ಇದೆಯಾ, ಹೊಗೆ ಇದೆಯಾ, ಘಾಟು ವಾಸನೆ ಇದೆಯಾ. ಮನೆಗೆ ಬರುವಾಗ ನಾನು ಹೊತ್ತು ತಂದದ್ದು ಧೂಳನ್ನು ಮಾತ್ರ. “ಅತ್ತೆ, ಬಟ್ಟೆ ಧೂಳಿಂದಾನೇ ಹೀಗಾಗ್ತಿದೆ ಅಂತ ಡಾಕ್ಟ್ರು ಹೇಳಿದ್ರು” ಎಂದೆ. ಅವರು ಹಾಗೆ ಹೇಳಿರಲಿಲ್ಲ.

ನೀವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದು, “ಮಗು ಉಸಿರಿಗಿಂತ ನನ್ನ ಮಿಷನ್ ದೊಡ್ಡದೇನಮ್ಮಾ?” ಎಂದಿರಿ ಅಷ್ಟೇ. ಭಾನುವಾರ ಯಂತ್ರದ ಸಮೇತ ಮೈದುನನ ಮನೆಗೆ ಹೋದಿರಿ. ನಿಜವಾದ ಕಾರಣ ಬೇರೆಯೇ ಇತ್ತು: ದಾರದ ತುಣುಕು ನೆಲದ ಮೇಲೆ ಬಿದ್ದರೆ ನನಗೆ ಕಣ್ಣಲ್ಲಿ ಬಿದ್ದಂತಾಗುತ್ತಿತ್ತು. ದಿನಕ್ಕೆ ಹದಿನಾಲ್ಕು ಕೋಣೆ ತೊಳೆದು, ಸುಕ್ಕಿಲ್ಲದಂತೆ ಹಾಸಿಗೆ ಹಾಸಿ ಬರುತ್ತಿದ್ದವಳು ನಾನು. ನನ್ನ ಮನೆಯೂ ಹಾಗೇ ಹೊಳೆಯಬೇಕೆಂಬ ಹಟ. ಹೋಟೆಲಿನ ಬಚ್ಚಲು ತೊಳೆಯುವ ಗಟ್ಟಿ ದ್ರಾವಣವನ್ನೇ ನೀರಿನ ಬಾಟಲಿಯಲ್ಲಿ ತುಂಬಿ ತರುತ್ತಿದ್ದೆ. ರಜೆಯ ಸೋಮವಾರ ಅದನ್ನು ಮೂಲೆಮೂಲೆಗೂ ಸುರಿದು ಉಜ್ಜಿ, ಮೇಲಿಂದ ಸುಗಂಧದ ಸ್ಪ್ರೇ ಹೊಡೆದು, ವಾಸನೆ ಹೊರಗೆ ಹೋಗದಿರಲೆಂದು ಕಿಟಕಿ ಮುಚ್ಚುತ್ತಿದ್ದೆ.

ನೀವು ಹೋದ ಮೇಲೂ ಗುಂಡಿಯ ಉಬ್ಬಸ ನಿಲ್ಲಲಿಲ್ಲ, ಹೆಚ್ಚಾಯಿತು. ನಿಮಗೆ ಮಾತ್ರ ‘ಪರವಾಗಿಲ್ಲ, ಕಡಿಮೆಯಾಗಿದೆ’ ಎನ್ನುತ್ತಿದ್ದೆ.

ನವೆಂಬರಿನಲ್ಲಿ ನಾನು ಹೋಟೆಲಿನ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಾಗ, ಕರೆಯದೆಯೇ ಬಂದಿರಿ. ಕೈಹೊಲಿಗೆಯ ಗಂಟೂ ಜೊತೆಗೆ ಬಂತು. ನನ್ನ ಮಂಚದ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಿರಿ, ನೆಲವೆಲ್ಲ ಬಟ್ಟೆಯ ಚೂರು. ಅತ್ತೆ, ಆ ದಿನಗಳಲ್ಲಿ ಗುಂಡಿ ಒಂದು ಸಲವಾದರೂ ಕೆಮ್ಮಲಿ, ನನ್ನ ಮಾತೇ ನಿಜವಾಗಲಿ ಎಂದು ಕಾಯುತ್ತಿದ್ದೆ. ಹೆತ್ತವಳು ಹಾಗೆ ಕಾಯಬಹುದೇ? ಕಾದೆ. ಅವಳು ಕೆಮ್ಮಲಿಲ್ಲ. ನೀವು ಕಿಟಕಿ ತೆರೆದಿಟ್ಟು, ಬಿಸಿನೀರು ಮತ್ತು ಸೋಪಿನಲ್ಲಿ ನೆಲ ಒರೆಸುತ್ತಿದ್ದಿರಿ. ಗುಂಡಿಯ ಪ್ಲಾಸ್ಟಿಕ್ ಬಾಟಲಿಗೆ ನಾನು ಕುದಿಯುವ ಹಾಲು ಹುಯ್ಯಹೊರಟಾಗ ತಡೆದು, “ಬಿಸಿಬಿಸಿದನ್ನ ಪ್ಲಾಸ್ಟಿಕ್‌ಗೆ ಯಾಕಮ್ಮಾ ಹಾಕ್ತೀಯ, ಸ್ಟೀಲ್ ಲೋಟ ನಿಂಗೇನು ಪಾಪ ಮಾಡಿತ್ತು?” ಎಂದಿರಿ. ನನಗೆ ಸಿಟ್ಟು ಬಂದಿತ್ತು, ನಗುವೂ ಬಂದಿತ್ತು. ಸಿಟ್ಟನ್ನು ಮಾತ್ರ ತೋರಿಸಿದೆ.

ಮೂರನೇ ಸೋಮವಾರ ನಮ್ಮ ಸೂಪರ್‌ವೈಸರಮ್ಮ ನನ್ನನ್ನು ನೋಡಲು ಬರುತ್ತಾರೆಂದು ತಿಳಿಯಿತು. ಮನೆ ಕಳೆಗುಂದಿದೆ ಎನ್ನಿಸಿತು. ನೀವು ತರಕಾರಿ ತರಲು ಹೋದ ಹೊತ್ತು ನೋಡಿ, ಕೋಲೂರಿಕೊಂಡು ಎದ್ದು, ಬಚ್ಚಲಿಗೆ ದ್ರಾವಣ ಸುರಿದೆ, ಪರದೆಗೆಲ್ಲ ಸ್ಪ್ರೇ ಹೊಡೆದೆ. ಅವರ ಕಾಫಿ ಅರ್ಧ ಆಗಿತ್ತೋ ಇಲ್ಲವೋ, ಗುಂಡಿಯ ಪಕ್ಕೆಲುಬು ಒಳಕ್ಕೆ ಸೆಳೆಯತೊಡಗಿತು. ಚೀಲವನ್ನು ಹೊಸಿಲಲ್ಲೇ ಬಿಟ್ಟು ಬಂದ ನೀವು ಅವಳನ್ನೆತ್ತಿಕೊಂಡು ತಾರಸಿಗೆ ಓಡಿದಿರಿ. ಆ ಮಂಡಿನೋವಿನಲ್ಲಿ! ಉಬ್ಬಸಕ್ಕೆ ಬಾಯಲ್ಲಿಟ್ಟು ಎಳೆಯುವ ಪಂಪು ಕೊಟ್ಟು, ಬೆನ್ನು ಸವರುತ್ತ, ಅವಳ ಉಸಿರು ಎಣಿಸುತ್ತ ಕೂತಿರಿ. ನಾನು ಮೆಟ್ಟಿಲ ಕೆಳಗಿನಿಂದಲೇ “ಶೀತ ಆಗಿರಬೇಕು” ಎಂದೆ.

ಮಾರನೆಯ ದಿನ ಡಾಕ್ಟರ ಮುಂದೆ ನಿಮ್ಮ ಕೈಚೀಲದಿಂದ ಅಳತೆ ಪುಸ್ತಕ ಹೊರಬಂತು. ಯಾರದೋ ತೋಳು, ಯಾರದೋ ಸೊಂಟ, ಅವುಗಳ ನಡುವೆ ಗುಂಡಿಯ ಪುಟಗಳು. ಎರಡು ವರ್ಷ ದಿನಾ ಸಂಜೆ ನೀವು ಅವಳಿಗೆ ಫೋನ್ ಮಾಡುತ್ತಿದ್ದಿರಿ. ಅಜ್ಜಿ ಮೊಮ್ಮಗಳ ಹರಟೆ ಎಂದುಕೊಂಡಿದ್ದೆ. ‘ಸೋಮವಾರ, ಕೆಮ್ಮು, ಅಮ್ಮ ಬಚ್ಚಲು ತೊಳೆದಳು.’ ‘ಮಂಗಳವಾರ, ಶಾಲೆಗೆ ಹೋಗಲಿಲ್ಲ.’ ‘ಈ ಸೋಮವಾರ ಅಮ್ಮನಿಗೆ ಕೆಲಸ ಇತ್ತು, ಕೆಮ್ಮಿಲ್ಲ.’ ಡಾಕ್ಟರು ಪುಟ ತಿರುವಿ ತಿರುವಿ ಓದಿ, ನನ್ನತ್ತ ನೋಡಿ, “ಘಾಟು ವಾಸನೆ ಇದೆಯಾ ಅಂತ ಆವಾಗ್ಲೇ ಕೇಳಿದ್ನಲ್ಲಮ್ಮಾ?” ಎಂದರು.

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನೀವು ಒಮ್ಮೆ ಮಾತ್ರ ನನ್ನ ಮುಖ ನೋಡಿದಿರಿ. ಆಮೇಲೆ ಗುಂಡಿಯ ಕಾಲರು ಸರಿಮಾಡುತ್ತ ಹೇಳಿದಿರಿ: “ಮನೆ ಚೊಕ್ಕಟ ಇರ್ಲಿ ಅಂತ ಮಾಡಿದ್ದು ಡಾಕ್ಟ್ರೇ, ಕೆಟ್ಟದ್ದಕ್ಕಲ್ಲ. ಅಳತೆ ತಪ್ಪಿದ್ರೆ ಬಿಚ್ಚಿ ಹೊಲಿಯೋದಪ್ಪ, ಬಟ್ಟೆ ಎಸೀತೀವಾ?”

ಚುಚ್ಚುವ ಸೂಜಿ ನಿಮ್ಮ ಕೈಯಲ್ಲೇ ಇತ್ತು, ಅತ್ತೆ. ನೀವು ಚುಚ್ಚಲಿಲ್ಲ. ಆ ದಿನವೂ ಇಲ್ಲ, ಮನೆಯಲ್ಲೂ ಇಲ್ಲ, ಪ್ಲಾಸ್ಟರ್ ಬಿಚ್ಚಿದ ಮೇಲೆ ನೀವು ಹೊರಟಾಗ ‘ಇರಿ’ ಎಂಬ ಎರಡಕ್ಷರ ನನ್ನ ಬಾಯಿಂದ ಬಾರದೇ ಹೋದಾಗಲೂ ಇಲ್ಲ. ನಿಮ್ಮ ಮಗನಿಗೂ ನೀವು ಹೇಳಿರಲಿಲ್ಲ. ಮೊನ್ನೆ ನಾನೇ ಹೇಳಿದೆ. ಒಂದು ದಿನವಿಡೀ ಅವರು ನನ್ನ ಜೊತೆ ಮಾತಾಡಲಿಲ್ಲ, ಅದು ನ್ಯಾಯವೇ.

ಈಗ ಆ ಬಾಟಲಿಗಳು ಮನೆಯಲ್ಲಿಲ್ಲ, ಸ್ಪ್ರೇಯೂ ಇಲ್ಲ. ಡಾಕ್ಟರು ಇದ್ದಬದ್ದ ಪ್ಲಾಸ್ಟಿಕ್ಕನ್ನೆಲ್ಲ ಎಸೆಯಬೇಕೆಂದೇನೂ ಹೇಳಲಿಲ್ಲ. ಬಿಸಿಯದನ್ನು ಹಾಕಬೇಡಿ, ತೀರಾ ಗೀಚಿಹೋದ ಡಬ್ಬಿ ಬಿಡಿ ಎಂದರು. ನಿಮ್ಮ ಸ್ಟೀಲ್ ಲೋಟ ಗೆದ್ದಿತು. ಸೋಮವಾರಗಳಲ್ಲಿ ಬಿಸಿನೀರು, ಸೋಪು, ತೆರೆದ ಕಿಟಕಿ. “ಮನೆ ಈಗ ಮನೆ ತರ ಇದೆ, ಬಾಡಿಗೆ ರೂಮ್ ತರ ಇಲ್ಲ” ಎಂದರು ನಿಮ್ಮ ಮಗ. ಸೂಪರ್‌ವೈಸರಮ್ಮ ಅಂದು ಕಣ್ಣಾರೆ ಕಂಡದ್ದರಿಂದಲೋ ಏನೋ, ನನ್ನನ್ನು ಕೋಣೆಗಳಿಂದ ತೆಗೆದು ಈ ಮಡಿಸುವ ಕೆಲಸಕ್ಕೆ ಹಾಕಿದ್ದಾರೆ.

ಕಿಟಕಿಯ ಪಕ್ಕದ ಜಾಗ ಖಾಲಿ ಮಾಡಿಸಿದ್ದೇನೆ. ಬೆಳಕು ಎಡಗಡೆಯಿಂದ ಬೀಳುತ್ತದೆ, ನಿಮಗೆ ಬೇಕಾದ ಹಾಗೆ. ಕರೆಯುವ ಮುಖ ನನಗಿಲ್ಲ, ಆದರೂ ಕರೆಯುತ್ತಿದ್ದೇನೆ. ಯಂತ್ರ ತೆಗೆದುಕೊಂಡು ಬನ್ನಿ. ಓರಗಿತ್ತಿ ಕಳಿಸುವುದಿಲ್ಲ ಎಂದು ಹಟ ಹಿಡಿದರೆ ಅವಳ ಹತ್ತಿರ ನಾನೇ ಜಗಳವಾಡುತ್ತೇನೆ. ಇನ್ನು ಮುಂದೆ ನಿಮಗಾಗಿ ಜಗಳವಾಡುವ ಸರದಿ ನನ್ನದು.

ನಿಮ್ಮ ಋಣದಲ್ಲಿರುವ,
ಹಿರಿ ಸೊಸೆ

ಮರೆತ ಮಾತು: ನಿನ್ನೆ ಗುಂಡಿಯ ಎದೆ ನೋಡಿದ ಮೇಲೆ ಡಾಕ್ಟರ ಮುಂದೆ ನಾನೇ ಬಾಯಿಬಿಟ್ಟೆ. ಎರಡು ವರ್ಷದಿಂದ ಕೋಣೆ ತೊಳೆಯುವಾಗ ನನಗೂ ಎದೆ ಬಿಗಿಯುತ್ತಿತ್ತು. ಕೆಲಸ ಹೋದೀತೆಂದು ಯಾರಿಗೂ ಹೇಳದೆ ಗುಂಡಿಯ ಪಂಪನ್ನೇ ಕದ್ದು ಎಳೆದುಕೊಳ್ಳುತ್ತಿದ್ದೆ. ಅದು ಬೇಗ ಮುಗಿಯುತ್ತದೆಂದು ನಿಮ್ಮ ಮಗ ಔಷಧಿ ಅಂಗಡಿಯವನ ಮೇಲೆ ಕೂಗಾಡಿದ್ದೂ ಉಂಟು. ಈಗ ನನ್ನ ಹೆಸರಿಗೇ ಚೀಟಿ ಬರೆದುಕೊಟ್ಟಿದ್ದಾರೆ, ಎದೆಯೂ ಹಗುರಾಗಿದೆ. ಇದೊಂದನ್ನು ಮಾತ್ರ ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ನೀವು ಬನ್ನಿ, ನಿಮ್ಮ ಪಕ್ಕದಲ್ಲಿ ಕೂತು ಹೇಳುತ್ತೇನೆ.