ಬಳೆಗಳ ಮೇಲೆ ಕಟ್ಟಿದ ವಾಚು

ನಮ್ಮ ಓಟದ ಸರ್‌ಗೆ, ಕೊಟ್ಟೂರಿನ ನಿಮ್ಮ ಬಾಯಿಬಡುಕಿಯ ನಮಸ್ಕಾರ.

ಸರ್, ನನಗೆ ಮದುವೆಯಾಯಿತು! ಎರಡು ತಿಂಗಳಾದರೂ ನನಗೇ ನಂಬಿಕೆ ಬರುತ್ತಿಲ್ಲ. ಕೂಡ್ಲಿಗಿಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಓಡುತ್ತಾರೆ! ಹೆಣ್ಣು ನೋಡಲು ಬಂದ ದಿನ ನಾನು ಅವರಿಗೆ ಹೇಳಿದ ಮೊದಲ ಮಾತೇ "ನಾನು ಜಿಲ್ಲಾ ಮಟ್ಟಕ್ಕೆ ಓಡಿದವಳು" ಎಂದು. ನೀವು ತೀರಿಕೊಂಡು ಮೂರು ವರ್ಷವಾದ ಮೇಲೆ ಮೊದಲ ಸಲ ಬರೆಯುತ್ತಿದ್ದೇನೆ. ಕುಣಿಯುತ್ತ ಬರೆಯಬೇಕಾದ ಪತ್ರವಿದು, ಆದರೆ...

ಹೋದ ಶನಿವಾರ ಬೆಳಗಿನ ಮಾತು. ಇವರು ಮದುವೆಗೆ ಕೊಟ್ಟ ವಾಚು ಎದೆಬಡಿತ ಎಣಿಸುತ್ತದೆ. ಶನಿವಾರ ಎರಡು ಗಂಟೆ, ಭಾನುವಾರ ಮೂರು ಗಂಟೆ ಓಡಬೇಕು. ಬಡಿತ ನಿಮಿಷಕ್ಕೆ ನೂರಾ ನಲವತ್ತೈದು ದಾಟಿದರೆ ನಡೆಯಬೇಕು. ಇದು ಇವರು ಹಾಕಿದ ಲೆಕ್ಕ. ವಾಚಿನ ಒಳಮೈ ಚರ್ಮಕ್ಕೆ ಅಂಟಿ ಕೂರಬೇಕು. ನನ್ನ ಕೈಯಲ್ಲಿ ಜಾಗವೆಲ್ಲಿದೆ ಸರ್? ಎರಡೂ ಕೈಗೆ ಡಜನ್ ಡಜನ್ ಹಸಿರು ಗಾಜಿನ ಬಳೆ. "ವರ್ಷ ತುಂಬೋಮಟ ಒಂದ್ ಬಳಿನೂ ತಗೀಬ್ಯಾಡವ್ವಾ" ಎಂದಿದ್ದಾರೆ ಅತ್ತೆ. ವಾಚನ್ನು ಅರ್ಧ ಬಳೆಯ ಮೇಲೆ, ಅರ್ಧ ಚರ್ಮದ ಮೇಲೆ ಕಟ್ಟಿಕೊಂಡೆ. ಕೊಟ್ಟೂರು ರಸ್ತೆಯಲ್ಲಿ ನನಗೆ ಏದುಸಿರು ಹತ್ತಿದಾಗ ಅದು ತೋರಿಸಿದ್ದು ನೂರಾ ಇಪ್ಪತ್ತೆಂಟು!

ಕುತ್ತಿಗೆಗೆ ಎರಡು ಬೆರಳು ಒತ್ತಿ, ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸುವುದನ್ನು ನೀವು ಕಲಿಸಿದ್ದಿರಲ್ಲ? ಕದ್ದು ಎಣಿಸಿದೆ. ನಲವತ್ತನಾಲ್ಕು. ಅಂದರೆ ನೂರಾ ಎಪ್ಪತ್ತಾರು. ಅಷ್ಟರಲ್ಲಿ ಇವರು ನನ್ನ ವಾಚಿಗೆ ಇಣುಕಿ, "ಲೇ, ಎದಿ ಐತೋ ಎತ್ತಿನ ಗಾಣ ಐತೋ ನಿಂದು! ಜಿಲ್ಲಾ ಅಂದ್ರ ಜಿಲ್ಲಾನ ಬಿಡು" ಎಂದರು. ಮನೆಗೆ ಬಂದು ಅತ್ತೆಗೂ ಹೇಳಿದರು, ಪಕ್ಕದ ಮನೆಗೂ ಹೇಳಿದರು. ನಾನು ನಾಚಿದವಳಂತೆ ನಿಂತಿದ್ದೆ. ನಾಚಿಕೆಯೇನೋ ಹೌದು, ಆದರೆ ಯಾವುದಕ್ಕೆ ಎಂದು ಅವರಿಗೆ ಗೊತ್ತಿರಲಿಲ್ಲ.

ನಿಮಗಾದರೂ ಗೊತ್ತಿತ್ತೆ ಸರ್? ಜಿಲ್ಲಾ ಕೂಟಕ್ಕೆ ಒಂದೇ ಜಾಗ ಉಳಿದು, ನಾನು ಮತ್ತು ಸರ್ಕಾರಿ ಶಾಲೆಯ ಶಾಂತಾ ನಿಮ್ಮೆದುರು ಕೂತಿದ್ದ ಆ ಬೆಳಗ್ಗೆ? ಇಬ್ಬರೂ ಓಟವನ್ನು ಒಟ್ಟಿಗೇ ಮುಗಿಸಿದ್ದೆವು. ಒಂದು ನಿಮಿಷ ಕೂತ ಮೇಲೆ ಯಾರ ನಾಡಿ ಹೆಚ್ಚು ಇಳಿದಿರುತ್ತದೋ ಅವಳೇ ಹೋಗಲಿ ಎಂದಿರಿ. "ನೀವಽ ಎಣಿಸ್ಕಳ್ರಿ, ನೀವಽ ಹೇಳ್ರಿ. ನಿಮ್ಮ ಎದಿ ನಾ ಯಾಕ ಮುಟ್ಟಿ ನೋಡ್ಲಿ?" ಶಾಂತಾ ಮೊದಲು ಹೇಳಿದಳು: "ಮೂವತ್ತೊಂದ್ರಿ ಸರ್." ನನ್ನದು ಮೂವತ್ತೊಂಬತ್ತು. ನಾನು "ಇಪ್ಪತ್ತೊಂಬತ್ತು" ಎಂದೆ. ಇಂಗ್ಲಿಷ್ ಮೀಡಿಯಮ್ಮಿನ ನನಗಿಂತ ಅವಳು ಮುಂದೆ ಹೋಗುವುದೇ ಎಂಬ ಒಂದು ಕೆಟ್ಟ ಬಿಸಿ ತಲೆಗೇರಿತ್ತು. ಜಿಲ್ಲೆಯಲ್ಲಿ ನಾನು ಕೊನೆಯವಳಾಗಿ ಬಂದಾಗ ನೀವು ನನ್ನ ತಲೆ ಸವರಿ, "ನಾಡಿ ಜಾಸ್ತಿ ಇದ್ರ ಅದು ತಪ್ಪಲ್ಲವ್ವಾ, ಇನ್ನಷ್ಟ್ ದಿನ ಬೇಕು ಅಂತ, ಅಷ್ಟಽ" ಎಂದಿರಿ. ಸುಮ್ಮನೆ ಸಮಾಧಾನ ಹೇಳಿದಿರೋ, ಅಥವಾ...

ಭಾನುವಾರ ಕಾಲು ಎತ್ತಿದರೆ ಏಳದು. ಕಾನಹೊಸಹಳ್ಳಿ ಕಡೆಗೆ ಒಂದು ಗಂಟೆ ಹೋಗುವಷ್ಟರಲ್ಲಿ ಇವರ ಕೈಯ ವಾಚು ನೂರಾ ನಲವತ್ತೈದು ದಾಟಿತೆಂದು ಕೂಗಿತು, ಶಿಸ್ತಾಗಿ ನಡೆಯತೊಡಗಿದರು. ನನ್ನದು ನೂರಾ ಹತ್ತೊಂಬತ್ತು! "ನೀ ಹೋಗು ಮುಂದ, ನನ್ನ ಸಲುವಾಗಿ ನಿಂದರಬ್ಯಾಡ" ಎಂದರು. ಹೇಗೆ ನಿಲ್ಲಲಿ ಸರ್? ಸುಳ್ಳನ್ನು ಉಳಿಸಿಕೊಳ್ಳಲು ಓಡಿದೆ. ಕಣ್ಣಿಗೆ ಕತ್ತಲೆ ಬಂದು ಒಂದು ಬಸ್ ಸ್ಟಾಪಿನ ಕಟ್ಟೆ ಹಿಡಿದು ವಾಂತಿ ಮಾಡಿಕೊಂಡೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಮ್ಮ ಬೆನ್ನು ನೀವಿ, "ಹೊಸಾ ಮದ್ಲಗಿತ್ತಿ ಅದೀ, ಯಾರ ಬೆನ್ ಹತ್ಯಾರ ನಿನಗ? ಅತ್ತಿ ಮನಿ ಬಿಟ್ಟು ಓಡಿ ಹೊಂಟೀ ಏನು?" ಎಂದಳು. ಇವರು ಓಡೋಡಿ ಬಂದರು. ತಮ್ಮ ಲೆಕ್ಕವೆಲ್ಲ ಮರೆತು ಬಂದಿದ್ದರು. ನನ್ನ ಕುತ್ತಿಗೆಗೆ ಬೆರಳಿಟ್ಟು ಎಣಿಸಿದರು, ವಾಚು ನೋಡಿದರು, ಬಳೆ ನೋಡಿದರು. ಗಣಿತದ ಮೇಷ್ಟ್ರಿಗೆ ಬಿಡಿಸಿ ಹೇಳಬೇಕೆ?

ಆ ಕಟ್ಟೆಯ ಮೇಲೇ ಎಲ್ಲ ಹೇಳಿಬಿಟ್ಟೆ. ವಾಚಿನದಷ್ಟೇ ಅಲ್ಲ, ಇಪ್ಪತ್ತೊಂಬತ್ತರದೂ. ಬೈಯುತ್ತಾರೆ, ಅತ್ತರೆ ಕರಗುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಒಂದೇ: "ಆ ಹುಡುಗಿ ಏನಾದ್ಲು?" ಹತ್ತು ವರ್ಷ ಸರ್, ಒಂದು ಸಲವೂ ವಿಚಾರಿಸಿರಲಿಲ್ಲ.

ನಿನ್ನೆ ಅವಳ ನಂಬರು ಸಿಕ್ಕಿತು. ಹೊಳಲಿಗೆ ಸೊಸೆಯಾಗಿ ಹೋಗಿದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ನನ್ನ ದನಿ ಕೇಳಿ "ಏ ಬಾಯಿಬಡಕಿ, ಅದೀಯೇನಲೇ!" ಎಂದು ಎಷ್ಟು ನಕ್ಕಳು! ನಾನು ಹೇಳಿ ಮುಗಿಸುವಷ್ಟರಲ್ಲಿ ಆ ನಗು ಇರಲಿಲ್ಲ.

"ನನಗ ದಮ್ಮಿಲ್ಲ ಅಂತ ತಿಳ್ಕಂಡು ಓಡೋದಽ ಬಿಟ್ನಲ್ಲಲೇ," ಎಂದಳು.

"ತಪ್ಪಾತು ಶಾಂತಾ. ಏನ್ ಮಾಡ್ಲಿ ಹೇಳು."

"ನನಗೇನ್ ಮಾಡ್ತೀ ಈಗ?" ಗಲಾಟೆ ಮಾಡುತ್ತಿದ್ದ ಅಂಗನವಾಡಿ ಮಕ್ಕಳನ್ನು ಗದರಿಸಿ ಮತ್ತೆ ಫೋನಿಗೆ ಬಂದಳು. "ನನ್ನ ಮಗಳು ಆರು ವರ್ಷದಾಕಿ. ಮುಂಜಾನಿಂದ ಸಂಜಿಮಟ ಓಡೋದಽ ಓಡೋದು. 'ನಮ್ಮ ಪೈಕಿಗೆ ದಮ್ಮಿಲ್ಲ, ಕುಂದ್ರು' ಅಂತ ನಾನಽ ಹಿಡಿದು ಕುಂದ್ರಿಸ್ತೀನಿ. ನಮಗೂ ದಮ್ಮೈತಿ ಅಂತ ನಾ ಹೇಳಿದ್ರ ಈಗ ಅಕಿ ನಂಬಲ್ಲ. ನೀನಽ ಬಂದು ಅಕಿ ಮುಂದ ಹೇಳು."

ಬರುವ ಭಾನುವಾರದ ಓಟ ರದ್ದು. ಇವರು ಜೊತೆಗೆ ಬರುತ್ತೇನೆ ಎಂದರು, ಬೇಡವೆಂದೆ. ಮೊದಲ ಬಸ್ಸಿಗೇ ಹೊಳಲಿಗೆ ಹೊರಡುತ್ತೇನೆ ಸರ್. ಆ ಮಗುವಿನ ಮುಂದೆ ನೆಲಕ್ಕೆ ಕೂತು, ನಿಮ್ಮವ್ವನೇ ಗೆದ್ದಿದ್ದಳು, ನಾನು ಸುಳ್ಳು ಹೇಳಿದೆ ಎಂದು ಹೇಳುತ್ತೇನೆ. ಯಾಕೆ ಹೇಳಿದೆ ಎಂದು ಅವಳು ಕೇಳಿದರೆ ಅದನ್ನೂ ಹೇಳುತ್ತೇನೆ.

ನಿಮ್ಮ,
ಸುಮಾ