ಕರಿ ಬಟ್ಟೆಯ ಹೊರಗೆ ಎರಡು ಬೆರಳು

ಭಾನುವಾರ, ಮಧ್ಯಾಹ್ನ

ಅಮ್ಮಾ,

ಅಣ್ಣನ ಮನೆಯಲ್ಲಿ ನೀನು ಹಾಯಾಗಿದ್ದೀಯ. ಇಲ್ಲಿ ನಿನ್ನ ಮೊಮ್ಮಗಳು ಗುಂಡಿ ನನ್ನನ್ನೂ ಅಪ್ಪನನ್ನೂ ಹಾಯಾಗಿರಲು ಬಿಟ್ಟಿಲ್ಲ. ಈಗಷ್ಟೇ ನಿದ್ದೆ ಹೋದಳು. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತು ಹಾರಿಸಿ, ಮಗುವಿಗೆ ಸ್ವೆಟರ್ ಹಾಕಿದೆಯಾ ಎಂದು ಕೇಳುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಲೂ ಆಗದು.

ಗುಂಡಿಗೆ ವರ್ಷ ತುಂಬುವ ದಿನ ಅಜ್ಜಿ, ಅಮ್ಮ, ಮಗಳು ಮೂವರೂ ಸ್ಟುಡಿಯೋದಲ್ಲಿ ಕೂತು ಫೋಟೋ ತೆಗೆಸಿಕೊಳ್ಳೋಣ ಎಂದೆ. ನೀನು, "ಬಂದು ಮಗು ಹಿಡ್ಕೋತೀನಿ, ಫೋಟೋಗೆ ಮಾತ್ರ ನಾನು ಬೇಡ" ಅಂದುಬಿಟ್ಟೆ. ನನಗೆ ಸಿಟ್ಟು ಬಂತು. ಆಮೇಲೆ ಅಳುವೂ ಬಂತು.

ಅಪ್ಪನ ಸ್ಟುಡಿಯೋದಲ್ಲಿ ನೀನು ಮಾಡುತ್ತಿದ್ದುದೂ ಇದನ್ನೇ ಅಲ್ಲವಾ? ಕೂರಲು ಬಾರದ ಕೂಸು ಬಂದರೆ ನೀನು ಕುರ್ಚಿಯಲ್ಲಿ ಕೂತು ತಲೆಯಿಂದ ಕಾಲಿನವರೆಗೆ ಕರಿ ಬಟ್ಟೆ ಹೊದ್ದುಕೊಂಡು ಅದನ್ನು ಮಡಿಲಲ್ಲಿ ಹಿಡಿಯುತ್ತಿದ್ದೆ. ಫೋಟೋದಲ್ಲಿ ಮಾತ್ರ ಮಗು ತಾನೇ ದೊಡ್ಡ ಮನುಷ್ಯನ ಹಾಗೆ ಕೂತಿರುತ್ತಿತ್ತು. ನನ್ನ ಮೊದಲ ಫೋಟೋ ಕೂಡ ಹಾಗೇ. ನನ್ನ ಸೊಂಟದ ಹತ್ತಿರ ನಿನ್ನ ಎರಡು ಬೆರಳು ಹೊರಗೆ ಉಳಿದುಬಿಟ್ಟಿವೆ. ನಾನು ಕೂಸಾಗಿದ್ದಾಗ ನೀನು ಜೊತೆಗಿದ್ದೆ ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಅಷ್ಟೇ.

ಅಪ್ಪನ ಸ್ಟುಡಿಯೋ ನನ್ನ ಕೈಗೆ ಬಂದ ಮೇಲೆ ನಾನೂ ಅದೇ ದಾರಿ ಹಿಡಿದೆ. ಬಟ್ಟೆಯ ಬದಲು ಕಂಪ್ಯೂಟರ್. ಮಗುವನ್ನು ಹಿಡಿದ ತಾಯಿಯ ಕೈಯನ್ನು ನೀಟಾಗಿ ಅಳಿಸಿ ಕೊಡುತ್ತಿದ್ದೆ, ಜನ ಹೊಗಳುತ್ತಿದ್ದರು. ಗುಂಡಿ ಹುಟ್ಟಿದ ಮೇಲೆ ಒಂದು ದಿನ ಫೋನಿನಲ್ಲಿ ಅವಳ ಫೋಟೋಗಳನ್ನು ನೋಡುತ್ತಾ ಕೂತೆ. ಆಕಳಿಸಿದ್ದು, ಸೀನಿದ್ದು, ಟವಲಿನೊಳಗಿಂದ ಗುರಾಯಿಸಿದ್ದು ಎಲ್ಲ ಇವೆ. ನಾನು ಒಂದರಲ್ಲೂ ಇಲ್ಲ. ಒಂದರಲ್ಲಿ ನನ್ನ ಮೊಣಕೈ ಇತ್ತು, ಅದನ್ನೂ ಕತ್ತರಿಸಲು ಹೊರಟಿದ್ದೆ. ಇವಳನ್ನು ಎತ್ತಿ ಎತ್ತಿ ನೋಯುತ್ತಿದ್ದ ಮೊಣಕೈ ಅಮ್ಮಾ ಅದು. ಕತ್ತರಿಸಲು ಮನಸ್ಸು ಬರಲಿಲ್ಲ.

ಈಗ ನಾನು "ಇಲ್ಲಿ ನೋಡು, ನಗು" ಎಂದು ಯಾವ ಮಗುವಿಗೂ ಹೇಳುವುದಿಲ್ಲ. ನೆಲದ ಮೇಲೆ ಕೂತು ಕಾಯುತ್ತೇನೆ. ಕಳೆದ ವಾರ ಒಬ್ಬರು ನರ್ಸ್ ತಮ್ಮ ಮಗನನ್ನು ಕರೆದುಕೊಂಡು ಬಂದಿದ್ದರು. ಡ್ಯೂಟಿ ಮುಗಿಸಿ ನೇರ ಬಂದಿದ್ದರಂತೆ. "ನನ್ನ ಬಿಟ್ಟು ತೆಗೀರಿ, ಮುಖ ನೋಡೋ ಹಾಗಿಲ್ಲ" ಅಂದರು. ಆಯಿತು ಎಂದು ಸುಮ್ಮನೆ ಕೂತೆ. ಹುಡುಗ ಬಿಸ್ಕತ್ತು ತಿಂದು ಅದೇ ಕೈಯಿಂದ ಅವರ ಕೂದಲು ಸರಿಸಿ ಮುಖ ನೋಡಿದ. ಕ್ಲಿಕ್ಕಿಸಿದೆ. ಆ ಫೋಟೋ ತೋರಿಸಿದಾಗ ಅವರು ಬಗ್ಗಿ ಹತ್ತಿರದಿಂದ ನೋಡಿದರು. ಆಮೇಲೆ, "ಇವ್ನು ನನ್ನ ಹೀಗಾ ನೋಡೋದು?" ಎಂದು ಕೇಳಿದರು.

ಆ ಸಂಜೆ ನನ್ನ ಮೊದಲ ಫೋಟೋವನ್ನು ಮತ್ತೆ ತೆಗೆದು ನೋಡಿದೆ. ಅಪ್ಪ ಗಿಲಕಿ ಆಡಿಸಿ ಆಡಿಸಿ ಸುಸ್ತಾದರೂ ನಾನು ಕ್ಯಾಮೆರಾ ಕಡೆ ತಿರುಗಲಿಲ್ಲವೆಂದು ನೀನೇ ನಗುತ್ತಾ ಹೇಳುತ್ತಿದ್ದೆ. ಹಟಮಾರಿ ಎಂದು ಬೈಸಿಕೊಂಡಿದ್ದೂ ಆಯಿತು. ಸರಿಯಾಗಿ ನೋಡಮ್ಮ, ಅದರಲ್ಲಿ ನಾನು ಕತ್ತು ತಿರುಗಿಸಿ ಆ ಕರಿ ಬಟ್ಟೆಯನ್ನೇ ನೋಡುತ್ತಿದ್ದೇನೆ. ನೀನು ಒಳಗಿದ್ದೀಯ ಎಂದು ನನಗೆ ಗೊತ್ತಿತ್ತು.

ನಿನ್ನ ಹಲ್ಲು ಬಿದ್ದಿದೆ, ಕೂದಲು ಉದುರಿದೆ, ಒಳ್ಳೆ ಸೀರೆ ಇಲ್ಲ, ಎಲ್ಲ ಒಪ್ಪಿದೆ. ಗುಂಡಿಗೂ ಇರುವುದು ಎರಡೇ ಹಲ್ಲು, ಕೂದಲಿಲ್ಲ, ಅವಳೇನೂ ತಕರಾರು ಮಾಡುತ್ತಿಲ್ಲ. ನಾಳೆ ಅವಳು ದೊಡ್ಡವಳಾಗಿ ಅಜ್ಜಿ ಎಲ್ಲಿ ಎಂದು ಕೇಳಿದರೆ ಎರಡು ಬೆರಳು ತೋರಿಸಲು ನನ್ನಿಂದ ಆಗುವುದಿಲ್ಲ. ಬಾರಮ್ಮ.

ನಿನ್ನ ಹಟಮಾರಿ

ಮರೆತಿದ್ದೆ: ಬಂದ ಮೇಲೆ ಕರಿ ಬಟ್ಟೆ ಹುಡುಕಬೇಡ. ನಾನು ಇದನ್ನು ಬರೆಯುವುದನ್ನು ನೋಡಿ ಅಪ್ಪ ಅದನ್ನು ಪೆಟ್ಟಿಗೆಯಿಂದ ತೆಗೆದು, ಕತ್ತರಿಸಿ, ಲೆನ್ಸ್ ಒರೆಸುವ ತುಂಡು ಮಾಡಿಟ್ಟಿದ್ದಾರೆ. ನನ್ನ ಫೋಟೋ ತೆಗೆಯುವ ದಿನ "ಒಂದ್ಸಲ ಬಟ್ಟೆ ತೆಗೀಲಾ?" ಎಂದು ನೀನು ಕೇಳಿದ್ದೆಯಂತೆ. "ಫಿಲ್ಮ್ ದಂಡ" ಅಂದಿದ್ದು ತಾವೇ ಎಂದು ಅಪ್ಪ ಈಗ ಒಪ್ಪಿಕೊಂಡರು. ಈ ಸಲ ಕ್ಯಾಮೆರಾ ತಾವೇ ಹಿಡಿಯುತ್ತಾರಂತೆ.